ಉಪ್ಪು ಎಂದು ಹೊಲಿದ ಪೆಟ್ಟಿಗೆ

ರಟ್ಟು ಮೀನು ಕಾರ್ಖಾನೆಯದು.
ಎಷ್ಟು ದಿನ ಒಲೆಯ ಪಕ್ಕ ನಿಲ್ಲಿಸಿದರೂ
ವಾಸನೆ ಪೂರ್ತಿ ಬಿಟ್ಟಿಲ್ಲ.
ಬಟ್ಟೆ ಅವನ ಹಡಗಿನ ಕೋಣೆಯ ಪರದೆ,
ಬಿಸಿಲು ಕಾಣದೆಯೂ ಹೇಗೋ ಮಾಸಿದ್ದು,
ನೀಲಿಯ ಮೇಲೆ ಚಿಕ್ಕ ಚಿಕ್ಕ ಲಂಗರು.

ಹಾನುಸ್ ಮೇಜಿನ ಮುಂದೆ ಕೂತಿದ್ದಾನೆ.
ಬಲಗೈ ತೊಡೆಯ ಮೇಲೆ
ಯಾರೋ ಮರೆತುಹೋದ ಕೈಚೀಲದಂತೆ.
ಎಡಗೈ ಈಗಷ್ಟೇ ಒಂದನೇ ಕ್ಲಾಸಿಗೆ ಸೇರಿದೆ.

ನಾನು ಕತ್ತರಿಸುತ್ತೇನೆ, ಅವನು ಹೊಲಿಯುತ್ತಾನೆ.
ತಳಕ್ಕೊಂದು, ಗೋಡೆಗೆ ನಾಲ್ಕು, ಮುಚ್ಚಳಕ್ಕೊಂದು.
ರಟ್ಟಿಗಿಂತ ಬಟ್ಟೆ ಸುತ್ತಲೂ ಎರಡು ಬೆರಳು ಹೆಚ್ಚಿರಬೇಕು,
ಮೂಲೆಯನ್ನು ಓರೆಯಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಮಡಿಕೆ ಉಬ್ಬುತ್ತದೆ,
ಬೆನ್ನಲ್ಲಿ ದಾರ ಆಚೆಗೂ ಈಚೆಗೂ ಎಳೆದು
ಬೆರಳಲ್ಲಿ ತಟ್ಟಿದರೆ ಸದ್ದು ಬರುವಷ್ಟು ಬಿಗಿಯಬೇಕು.
ಇದೆಲ್ಲ ಹೇಳಿಕೊಟ್ಟವಳು ಪಕ್ಕದ ಮನೆಯ ಮಲಾನ್.
ಅವಳ ಪೆಟ್ಟಿಗೆಗಳು ಒಂದು ಕೂದಲೆಳೆಯೂ ತಪ್ಪುವುದಿಲ್ಲ.
ನಮ್ಮ ಮೊದಲನೆಯದರ ಮುಚ್ಚಳ
ಗಾಳಿಗೆ ವಾಲಿದ ದೋಣಿಯ ಹಾಗೆ ಕೂತಿತು.
ಅದರಲ್ಲೀಗ ಬೆಕ್ಕು ಮಲಗುತ್ತದೆ.

ಮೂವತ್ತೊಂದು ವರ್ಷ ಬಲೆ ಸರಿಮಾಡಿದವನು,
ಹಿಮದಲ್ಲಿ, ಒದ್ದೆ ಕೈಗವಸಿನಲ್ಲಿ, ಬಯ್ಯುತ್ತ.
ಗಂಟು ಎಂದರೆ ಅವನಿಗೆ
ಕತ್ತಲಲ್ಲೂ ಕೈಗೆ ಸಿಗಬೇಕು.
ಮಲಾನ್‌ಗೆ ಬೇಕಾದದ್ದು ಕಣ್ಣಿಗೆ ಬೀಳದ ಗಂಟು.
"ಹೊಲಿಗೆ ಹೊರಗೆ ಕಾಣಬಾರದು, ಹಾನುಸ್."
ಅವನು ತಲೆಯೆತ್ತಿ ಬಾಯಿ ತೆರೆದ.
ನಾವಿಬ್ಬರೂ ಉಸಿರು ಹಿಡಿದೆವು.
"ಕುರಿ," ಎಂದ, ಬಹಳ ಗಂಭೀರವಾಗಿ.

ಫೆಬ್ರವರಿಯ ಆ ಬೆಳಗಿನಿಂದ ಹೀಗೇ.
ಮಾತುಗಳೆಲ್ಲ ಒಳಗೇ ಇವೆ, ಒಂದೂ ಕಳೆದಿಲ್ಲ,
ಚೀಟಿಗಳು ಮಾತ್ರ ಅದಲುಬದಲಾಗಿವೆ,
ಅಂದಳು ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ.
ಚಿತ್ರಗಳನ್ನು ಹರಡಿದಳು. ಲೋಟ, ದೋಣಿ, ನಾಯಿ.
ನಾಯಿಗೆ ಅವನು "ಬುಧವಾರ" ಅಂದ.
ನಾನು ನಕ್ಕೆ. ನಕ್ಕೇಬಿಟ್ಟೆ.
ಕ್ಲಾಕ್ಸ್‌ವೀಕ್‌ಗೆ ಹಿಂದಿರುಗುವಾಗ, ಸಮುದ್ರದಡಿಯ ಸುರಂಗದಲ್ಲಿ,
ಅವನು ನಿದ್ದೆ ಹೋದ ಮೇಲೆ, ಕಾರು ನಡೆಸುತ್ತಲೇ ಅತ್ತೆ.

ಪೆಟ್ಟಿಗೆಗಳಿಗೆ ಹೆಸರು ಹೊಲಿಯಲಿ, ಅಭ್ಯಾಸವಾಗುತ್ತದೆ,
ಎಂದವಳೂ ಮಲಾನ್‌ಳೇ.
ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಡಲೇ, ಅಂದೆ.
ಎಡಗೈ ಅಡ್ಡ ಇಟ್ಟ.
ಒಂದು ವಾರ ಹಿಡಿಯಿತು, ಕೆಂಪು ಉಣ್ಣೆಯ ದಾರ.
ಎತ್ತಿ ತೋರಿಸಿದ: ಉಪ್ಪು.
ಒಳಗಿದ್ದದ್ದು ಗುಂಡಿಗಳು,
ಅವನ ಅಂಗಿಯವು, ನನ್ನಮ್ಮನ ಕೋಟಿನವು,
ಯಾರದೆಂದು ಯಾರಿಗೂ ಗೊತ್ತಿಲ್ಲದ ಒಂದು ಹಿತ್ತಾಳೆಯದು.
ಹೊಲಿಗೆ ಬಿಚ್ಚಲು ಕತ್ತರಿ ತೆಗೆದೆ.
ಎಷ್ಟು ಒಳ್ಳೆಯ ಹೊಲಿಗೆ ಅದು.
ಕತ್ತರಿಯನ್ನು ಅದರ ಪೆಟ್ಟಿಗೆಗೇ ಹಾಕಿದೆ.

ಮೊದಲು ಕಲಿತವನು ಮೊಮ್ಮಗ ರೋಯಿ.
"ಅಜ್ಜಿ, ಉಪ್ಪು ಕೊಡು, ಅಂಗಿಯದು ಒಂದು ಉದುರಿದೆ."
ಆಮೇಲೆ ನನ್ನ ಬಾಯಿಗೂ ಹತ್ತಿತು.
ನೂಲಿನುಂಡೆ ಬೇಕೆಂದರೆ "ಬಾಗಿಲು" ಇಳಿಸುತ್ತೇನೆ,
ಕರೆಂಟು ಬಿಲ್ಲು "ಚಿಕ್ಕಮ್ಮ"ನಲ್ಲಿ ಭದ್ರ.
ಮಾತ್ರೆಗಳ ಪೆಟ್ಟಿಗೆಗೆ ಮಾತ್ರ ಹೆಸರಿಡಲು ಬಿಟ್ಟಿಲ್ಲ.
ಅಲ್ಲಿ ನನಗೆ ಧೈರ್ಯ ಸಾಲದು.

ಹನ್ನೊಂದು ಪೆಟ್ಟಿಗೆಗಳಾದವು.
ಒಂಬತ್ತರ ಮುಚ್ಚಳ ಸರಿಯಾಗಿ ಕೂರುತ್ತದೆ.

ನಿನ್ನೆ ರಾತ್ರಿ ಕುರಿಮಾಂಸದ ಸೂಪು.
ಹಾನುಸ್ ಒಂದು ಚಮಚ ಕುಡಿದು ನಿಲ್ಲಿಸಿದ.
ಕಣ್ಣು ಮುಚ್ಚಿದ. ಕತ್ತಿನ ನರ ಎದ್ದಿತು.
ಬಲು ಆಳದಿಂದ ಬಲೆ ಎಳೆಯುವಾಗ
ಹೀಗೇ ಇರುತ್ತಿತ್ತೇನೋ ಅವನ ಮುಖ,
ನಾನು ನೋಡಿದ್ದಿಲ್ಲ.
ನಾನು ಸುಮ್ಮನಿದ್ದೆ. ಗೊತ್ತಿದ್ದೂ ಸುಮ್ಮನಿದ್ದೆ.

"ಉಪ್ಪು," ಎಂದ.

ನಾನು ಏಳುವ ಮೊದಲೇ
ರೋಯಿ ಓಡಿದ, ಕಪಾಟಿಗೆ ಕುರ್ಚಿ ಹಾಕಿ ಹತ್ತಿದ,
ಎರಡೂ ಕೈಯಲ್ಲಿ ಹಿಡಿದು ತಂದ
ನೀಲಿ ಪೆಟ್ಟಿಗೆಯನ್ನು,
ಮುಚ್ಚಳ ತೆರೆದು ಅಜ್ಜನ ಬಟ್ಟಲಿನ ಪಕ್ಕ ಇಟ್ಟು
"ಯಾವುದು ಬೇಕು?" ಎಂದು ಕೇಳಿದ.

ಹಾನುಸ್ ಗುಂಡಿಗಳನ್ನು ನೋಡಿದ, ನನ್ನನ್ನು ನೋಡಿದ.
ಸೂಪು ಆರುತ್ತಿತ್ತು.
ಎಡಗೈಯಿಂದ ಆ ಹಿತ್ತಾಳೆಯದನ್ನು ಆರಿಸಿ
ಹುಡುಗನ ಅಂಗೈಗೆ ಹಾಕಿದ.