ಎಲ್ಲಾ ಅಂದ್ರ ಎಲ್ಲಾ ಅಲ್ಲ

ಕಲಬುರಗಿ ಗಂಜಿನ ದಾಲ್‌ಮಿಲ್ ಮ್ಯಾಲಿನ ಖೋಲಿ.
ಕೀಬೋರ್ಡಿನ ಸಂದ್ಯಾಗೆಲ್ಲ ತೊಗರಿ ಹೊಟ್ಟು.
ತೂಕದ ಪ್ರೋಗ್ರಾಮು ಒಂದ, ಅದು ಉಣ್ಣಬೇಕಾದ ಮನಿ ಮೂರು:
ಮುನೀಮರ ವಿಂಡೋಸು, ನನ್ನ ಲಿನಕ್ಸು,
ಸಾಹುಕಾರರ ಮಗಳ ಮ್ಯಾಕು.

ಉರ್ದು ರಸೀದಿದು ಒಂದು ಭಾಗ ಅದ ಅದರಾಗ,
ಲಾರಿ ಜಿಲಾನಿ ಚಾಚಾ ಕೇಳ್ಯಾರಂತ ಬರದದ್ದು.
ಬಲದಿಂದ ಎಡಕ್ಕ ನಡೆಯೋ ಅಕ್ಷರದ ಲೈಬ್ರರಿ
ಮುನೀಮರ ಮಷಿನ್ನಾಗ ಸಿಗದ
ಮೂರು ದಿನ ಇಡೀ ಬಿಲ್ಡು ಮುಗ್ಗರಿಸಿತು.
“ಕಿತ್ತ ಒಗೀರಿ ಮೇಡಂ” ಅಂದ್ರು.

ಕೀಳಲಿಲ್ಲ. ಆಪ್ಷನ್ ಅಂತ ಒಂದು ಸಾಲು ಬರದೆ,
ಮಗ್ಗಲಿಗೆ ಆಫ್.
ಸಿಕ್ಕರ ಕಟ್ಟು, ಸಿಗದಿದ್ರ ಬಾಯಿ ಮಾಡದ ಮುಂದ ಹೋಗು.
ನಾಗೂಬಾಯಿ ಖಾನಾವಳ್ಯಾಗ ಅಗಸಿ ಹಿಂಡಿ
ಕೇಳಿದವರ ತಾಟಿಗಷ್ಟ ಬೀಳತದ;
ಹಂಗಂತ ಆಕಿ ಕುಟ್ಟೋದು ಬಿಟ್ಟಿಲ್ಲ.

ಈಗ ‘ಎಲ್ಲಾ’ ಅಂತ ಒತ್ತಿದ್ರ
ಎಲ್ಲಾ ಕಟ್ಟತದ, ಅದೊಂದು ಬಿಟ್ಟು.
ಮೂರೂ ಕಡಿ ಹಸರು.

ಆದ್ರ ಮಿಲ್ಲಿನ ಪಟ್ಟಾ ನಿಂತ ಮ್ಯಾಲ
ಒಮ್ಮೊಮ್ಮೆ ಆನ್ ಮಾಡಿ ನೋಡತೀನಿ, ತುಕ್ಕು ಹಿಡದದೇನಂತ.
ಚಾಚಾ ಈ ಸುಗ್ಗಿಗಿ ಬಂದಿಲ್ಲ.
ಕಾಗದದ ಬಲ ಅಂಚಿನಿಂದ ಹೊರಡತದ
ಅವರ ಹೆಸರು, ಲಾರಿ ನಂಬರು.
ತೂಕ: ಸೊನ್ನಿ.