ನಲವತ್ತೇಳನೇ ಮಗ್ಗ

ಎರಡೇ ಡಬ್ಬಿಯ ರೈಲು. ಇಳಿದವರು ಮೂವರು,
ಅದರಲ್ಲೊಂದು ನಾಯಿ.
ಹೆಲ್ಡನ್‌ಶಾ ಎಂಬ ಫಲಕದಡಿಯ ಗಡಿಯಾರ
ಬೇರೆ ಯಾವುದೋ ಊರಿನ ಹೊತ್ತು ತೋರಿಸುತ್ತಿತ್ತು.
ಇಳಿಜಾರಿಗೆ ಒರಗಿದ ಕಪ್ಪು ಕಲ್ಲಿನ ಮನೆಸಾಲು,
ಸಂಬಳದ ಕಿಟಕಿಗೆ ನಿಂತ ಸರತಿಯ ಹಾಗೆ.

ಒಂದು ಕಾಲಕ್ಕೆ ಮೂವತ್ತೆರಡು ಚಿಮಣಿಗಳಂತೆ.
ಈಗ ಒಂದು. ಅದರ ತುದಿಗೆ ಮೊಬೈಲ್ ಕಂಪನಿಯ ಆಂಟೆನಾ,
ಆಂಟೆನಾದ ಮೇಲೆ ಕಾಗೆ.
ಗಿರಣಿಯ ಕೆಳಗಿನ ಅಂತಸ್ತಿನಲ್ಲಿ ಕಾರ್ಪೆಟ್ ಮಾರುತ್ತಾರೆ,
ಅದರ ಮೇಲೆ ಮಕ್ಕಳು ಗೋಡೆ ಹತ್ತಲು ಕಲಿಯುತ್ತಾರೆ,
ಉಳಿದದ್ದಕ್ಕೆ ಬೀಗ.
ಕಾಲುವೆಯಲ್ಲಿ ಮಗುಚಿ ಬಿದ್ದ ಸೂಪರ್‌ಮಾರ್ಕೆಟ್ ಗಾಡಿಯೊಳಗೆ
ಬಾತುಕೋಳಿಯೊಂದು ಸಂಸಾರ ಹೂಡಿದೆ.

ಯಾಕೆ ಬಂದೆ ಇಲ್ಲಿಗೆ, ಎಂದು ಕೇಳಿದಳು
ಚಹಾದಂಗಡಿಯ ಮೂಲೆಮೇಜಿನಿಂದ ಈನಿಡ್ ಕ್ರಾಪರ್.
ಅಜ್ಜಿ ಒರಟು ಬಟ್ಟೆಗೆ ಮಾಂಜರಪಾಟ ಅನ್ನುತ್ತಿದ್ದಳು,
ಆ ಪದದ ಬೆನ್ನುಹತ್ತಿ ಬಂದೆ ಅನ್ನಲೇ?
ಮಳೆ ಬಂತು, ಒಳಗೆ ಬಂದೆ, ಅಂದೆ.
ಅದೇ ಸರಿಯಾದ ಉತ್ತರವೆಂಬಂತೆ ಕುರ್ಚಿ ಎಳೆದಳು.

ಎಂಬತ್ತೊಂಬತ್ತು ಅವಳಿಗೆ. ಕಿವಿ ಮೂವತ್ತಕ್ಕೇ ಹೋಯಿತು.
"ಆರುನೂರು ಮಗ್ಗ ಒಟ್ಟಿಗೆ ಬಡಿದರೆ
ದೇವರೂ ತುಟಿಯಲ್ಲೇ ಮಾತಾಡಬೇಕು"
ಅಂದವಳು ಗಾಜಿನಾಚೆ, ಎದುರಿನ ಬಸ್ ನಿಲ್ದಾಣದ ಮೇವಿಸ್‌ಗೆ
ಬಾಯಿ ಅಗಲಿಸಿ, ದುಂಡಾಗಿಸಿ, ಸದ್ದೇ ಇಲ್ಲದೆ
ಇಡೀ ಒಂದು ಗಾಳಿಸುದ್ದಿ ದಾಟಿಸಿದಳು.
ನಡುವೆ ಲಾರಿಯೊಂದು ಹಾದುಹೋಯಿತು. ಎಳೆ ಕಡಿಯಲಿಲ್ಲ.
ಮೇವಿಸ್ ಕೊಡೆಯಡಿ ಬಿದ್ದು ಬಿದ್ದು ನಕ್ಕಳು.
ನನ್ನ ಬಗ್ಗೆಯೇ ಇರಬೇಕು.

ನಲವತ್ತೇಳನೇ ಮಗ್ಗ, ಹಗಲು ಅವಳದು.
ರಾತ್ರಿ ಸರ್ಫರಾಜನದು, ಮೀರ್‌ಪುರದವನು.
ಬೆಳಿಗ್ಗೆ ಅವನು ಟೋಪಿ ಏರಿಸುವಾಗ
ಇವಳು ಏಪ್ರನ್ ಬಿಗಿಯುತ್ತಿದ್ದಳು. ಹದಿನಾಲ್ಕು ವರ್ಷ.
ಆಡಿದ ಮಾತೆಲ್ಲ ಸೇರಿ ಒಂದು ಕೈಚೀಲ ತುಂಬದು.
ಕಬ್ಬಿಣ ಮಾತ್ರ ಆರಲಿಲ್ಲ ಒಂದು ದಿನವೂ.
ಅವನು ಬಿಟ್ಟ ಬಿಸಿಗೆ ಇವಳ ಅಂಗೈ,
ಇವಳು ಬಿಟ್ಟ ಬಿಸಿಗೆ ಅವನದು.
ಎಳೆ ಪದೇ ಪದೇ ಕಡಿಯುವಲ್ಲಿ
ಸೀಮೆಸುಣ್ಣದ ಗೀಟೊಂದು ಬಿಟ್ಟುಹೋಗುವುದು ವಾಡಿಕೆ.
ಅಷ್ಟೇ ಅವರ ಪತ್ರವ್ಯವಹಾರ.

ಕೊನೆಯ ಶುಕ್ರವಾರ ಅವನು ಬೇಗ ಹೋಗಿದ್ದ.
ಗೀಟಿರಲಿಲ್ಲ. ಬರಹವಿತ್ತು,
ಬಲದಿಂದ ಎಡಕ್ಕೆ, ಲಾಳಿ ಮರಳುವ ದಿಕ್ಕಿಗೆ.
ಚಿತ್ರ ಬರೆದಂತೆ ಅದನ್ನವಳು
ಸಂಬಳದ ಲಕೋಟೆಯ ಬೆನ್ನಿಗೆ ಇಳಿಸಿಕೊಂಡಳು.
ಸೋಮವಾರ ಬಾಗಿಲಿಗೆ ಸರಪಳಿ.
ಅವನು ಬ್ರಾಡ್‌ಫರ್ಡಿಗೋ ಬರ್ಮಿಂಗ್‌ಹ್ಯಾಮಿಗೋ, ಯಾರಿಗೆ ಗೊತ್ತು.

ಲಕೋಟೆಯನ್ನು ನನ್ನತ್ತ ಸರಿಸಿದಳು.
"ನಿನ್ನ ಕಡೆಯದೇ ಅಲ್ಲವೆ? ಓದು."
ನನ್ನ ಕಡೆಯ ಅಕ್ಷರ ದುಂಡು, ಎಡದಿಂದ ಹೊರಡುತ್ತವೆ.
ತಲೆಯಾಡಿಸಿದೆ.
ಇಷ್ಟು ವರ್ಷ ಯಾರಿಗೂ ತೋರಿಸಲಿಲ್ಲವೆ?
"ಪ್ರೇಮಪತ್ರ ಆಗಿಬಿಟ್ಟಿದ್ದರೆ?
ವಿಲ್ಫ್ ಇನ್ನೂ ಬದುಕಿದ್ದ."

ಬಸಿ ಒರೆಸುತ್ತಿದ್ದ ಹುಡುಗಿ ನಾಜ್ನೀನ್
ಕೈ ಒರೆಸಿಕೊಂಡು ಬಂದಳು. ಬೆಳಕಿಗೆ ಹಿಡಿದಳು. ತಿರುಗಿಸಿದಳು.
ಲಕೋಟೆ ತಲೆಕೆಳಗಾಗಿತ್ತು; ಬರೆದುಕೊಂಡವಳಿಗೇ
ಮರೆತುಹೋಗಿತ್ತು ಯಾವುದು ಮೇಲು ಅಂತ.
ಒಂದು ಪದಕ್ಕೆ ಅಮ್ಮನಿಗೆ ಫೋನ್ ಮಾಡಿದಳು.
ಆಮೇಲೆ ಈನಿಡ್‌ಳ ಮುಖಕ್ಕೆ ಮುಖ ಕೊಟ್ಟು ಕೂತು
ತುಟಿ ಬಿಡಿಸಿ, ನಿಧಾನ:
"ಎಡಗಡೆ ಪಟ್ಟಿ ಸಡಿಲ. ಕೈ ಜೋಪಾನ."

ಈನಿಡ್ ತನ್ನ ಎಡಗೈ ನೋಡಿಕೊಂಡಳು.
ಐದೂ ಇದ್ದವು.
"ಗೊತ್ತಿತ್ತು," ಎಂದಳು, ಅಂಗಡಿಯೆಲ್ಲ ತಿರುಗುವಷ್ಟು ಜೋರಾಗಿ,
"ಅವತ್ತು ಬೆಳಿಗ್ಗೆಯೇ ಬಿಗಿ ಮಾಡಿದ್ದೆ."
ಲಕೋಟೆ ಮಡಚಿ ಬಸ್ ಪಾಸಿನ ಹಿಂದೆ ಇಟ್ಟಳು,
ಈ ಸಲ ನೆಟ್ಟಗೆ.

ರಸ್ತೆಯಾಚೆ ಮೇವಿಸ್ ತನ್ನ ಬಸ್ಸನ್ನೂ ಬಿಟ್ಟುಕೊಟ್ಟು
ಹುಬ್ಬೇರಿಸಿ ಕೇಳುತ್ತಿದ್ದಳು: ಏನಂತೆ, ಏನಂತೆ?
ಈನಿಡ್ ಚಹಾದ ಲೋಟ ಎತ್ತಿ
ಬಾಯಿಗೆ ಅಡ್ಡ ಹಿಡಿದಳು.