ಕೀಳಬಾರದು

ಲಿಂಗಸುಗೂರು ರಸ್ತೆ ದಾಟಿದರೆ
ರಾಯಚೂರಿನ ಹೊಸ ಬಡಾವಣೆಗಳ ಬೆನ್ನಿಗೆ
ಜೀವವೈವಿಧ್ಯ ಉದ್ಯಾನ. ತಲೆಗೆ ಇಪ್ಪತ್ತು ರೂಪಾಯಿ.
ದೊಡ್ಡವ್ವ ಹುಸೇನಮ್ಮ ಟಿಕೆಟ್ಟನ್ನು ಎಲೆಯಡಿಕೆ ಸಂಚಿಯೊಳಗೆ
ಸುಣ್ಣದ ಡಬ್ಬಿಯ ಕೆಳಗಿಟ್ಟಳು.

ಇಟ್ಟಿಗೆ ಹಾಸಿದ ದಾರಿ ಬಿಟ್ಟು
ಪಕ್ಕದ ಎರೆಮಣ್ಣಲ್ಲಿ ನಡೆದಳು, ನೇರ,
ಸಾಲು ಹಿಡಿದವಳ ಹಾಗೆ.
ಬಾವಿ ಇತ್ತಲ್ಲ ಇಲ್ಲಿ, ಅಂದಳು.
ಬಾವಿ ಈಗ ತಾವರೆಗೊಳ; ಸುತ್ತ ಸ್ಟೀಲಿನ ಕಂಬಿ,
ಕಂಬಿಗೊರಗಿದ ಹುಡುಗಿಯ ಫೋಟೋ ತೆಗೆಯುತ್ತಿದ್ದಾನೆ ಒಬ್ಬ.
ಬೇವು ಮಾತ್ರ ಹಾಗೇ ಇದೆ, ನಂಬರು ಬರೆಸಿಕೊಂಡು:
ನಲವತ್ತೊಂದು.

ಹೊಲ ಹೋದಾಗ ಬಾವಿಗೆ ಬೆಲೆ ಕಟ್ಟಿದರು, ಬೇವಿಗೂ.
ಮಾಲಿಪಾಟೀಲರು ಹೈದರಾಬಾದಿನಲ್ಲಿ ಮನೆ ತಗೊಂಡರು.
ದೊಡ್ಡವ್ವನ ಜೊತೆ ಸದೆ ತೆಗೆಯುತ್ತಿದ್ದ ಹನ್ನೊಂದು ಹೆಂಗಸರು
ಮರುದಿನ ಬೇರೆ ಹೊಲಕ್ಕೆ ಹೋದರು. ಬುತ್ತಿ ಅದೇ.

ಗೋಪುರದ ಹಿಂದೆ ಹಸಿರು ಫಲಕ:
ಸ್ಥಳೀಯ ಹುಲ್ಲುಗಾವಲು. ಕೀಳಬಾರದು.
ಓದು, ಅಂದಳು. ಓದಿದೆ.
ಕರಿಕೆ, ಜೇಕು, ಉತ್ತರಾಣಿ, ಹಕ್ಕರಿಕಿ,
ಕೆಳಗೆ ಬಾಯಿಗೆ ಬಾರದ ಇನ್ನೊಂದು ಸಾಲು ಹೆಸರು.
ಸೆರಗು ಬಾಯಿಗಿಟ್ಟು ನಕ್ಕಳು, ಸೊಂಟ ಹಿಡಿಯುವಷ್ಟು.
“ಇವನ್ನ ಕೀಳಾಕ ಆಗ ದಿನಕ್ಕ ಹನ್ನೆರಡು ಕೊಡತಿದ್ರು.
ನೋಡಾಕ ಈಗ ಇಪ್ಪತ್ತು ಇಸಗೊಂತಾರ.
ಈ ಜೇಕಿನ ಗಡ್ಡಿ ನನ್ನ ಉಗುರು ತಿಂದೈತಿ ನೋಡು.”
ಹೆಬ್ಬೆರಳು ತೋರಿಸಿದಳು. ನಿಜ, ಅರ್ಧ ಉಗುರು.

ಆಚೆ, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡವಳೊಬ್ಬಳು
ಬಗ್ಗಿ ಏನನ್ನೋ ಕೀಳುತ್ತಿದ್ದಳು.
ಪಕ್ಕದಲ್ಲಿ ಒಂದು ಸಿವುಡು ಜೋಳ.
ಯಾರೂ ಬಿತ್ತಿದ್ದಲ್ಲ; ಹಕ್ಕಿಯ ಹಿಕ್ಕೆಯಲ್ಲಿ ಬಂದದ್ದೋ
ಹಳೆಯ ಕಣದಲ್ಲಿ ಉಳಿದದ್ದೋ,
ಹುಲ್ಲಿನ ನಡುವೆ ಎದೆಮಟ್ಟ ಎದ್ದು ಹಾಲುಗಾಳು ಕಟ್ಟಿತ್ತು.
“ಸಾಹೇಬ್ರು ಹೇಳ್ಯಾರ ಯಮ್ಮಾ, ಇಲ್ಲಿ ಇದ ಕಸ ಅಂತ.”

ದೊಡ್ಡವ್ವ ಸಿಟ್ಟಾಗಲಿಲ್ಲ. ನಿಧಾನ ಬಗ್ಗಿದಳು.
ಹಿಂಗ ನಡುವ ಹಿಡಿದ್ರ ಬೇರು ಉಳಿತೈತಿ,
ಬುಡಕ್ಕ ಕೈ ಹಾಕಿ ಒಂದು ಸುತ್ತು ತಿರುವು, ಅಂತ
ತಾನೇ ಒಂದು ದಂಟು ಕಿತ್ತು
ಬೇರಿನ ಮಣ್ಣನ್ನು ಹಿಮ್ಮಡಿಗೆ ಬಡಿದು ಕೊಡವಿದಳು.
ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ ಊದಿದಳು.
ಹೊಟ್ಟು ಹೋಗಿ ಫಲಕದ ಮೇಲೆ ಕೂತಿತು.

ಸೀಟಿ ಊದುತ್ತ ಕಾವಲಿನ ಹುಡುಗ ಓಡಿಬಂದ.
ಏನು ಕಿತ್ತೀರಿ, ಕೈ ತೋರಿಸ್ರಿ.
ಎರಡೂ ಕೈ ಚಾಚಿದಳು:
ಹಸಿ ವಾಸನೆ, ಬೇರೇನಿಲ್ಲ.
ಬಾಯಿ ತುಂಬಿತ್ತು, ಮಾತಾಡಲಿಲ್ಲ.

ನನ್ನ ಪಾಲು ನನ್ನ ಮುಷ್ಟಿಯಲ್ಲಿ
ಬೆಚ್ಚಗಾಗುತ್ತಿತ್ತು.